ಮುದಿ ನಾಯಿಯ ಬಾಯಿ ಸೋಂಕು: ಮೈಸೂರಿನ ಚಿಕಿತ್ಸಾಲಯವೊಂದರ ಸೇವೆ ಹೇಗಿದೆ?

ನಮ್ಮ ಮನೆಯ 13 ವರ್ಷದ ಪೊಮೆರೇನಿಯನ್ ನಾಯಿಗೆ ಬಲಗಣ್ಣಿನ ಕೆಳಗೆ ಬಾವು ಬಂದಿತ್ತು. ಆಂಟಿಬಯಾಟಿಕ್ ಕೊಟ್ಟಾಗ ಇಳಿದ ಬಾವು ಮಾತ್ರೆ ಮುಗಿದ ಮೇಲೆ ಮತ್ತೆ ಕಾಣಿಸಿಕೊಂಡಿದ್ದರಿಂದ, ಹಲ್ಲಿನ ಎಕ್ಸ್‌-ರೇ ಸೌಲಭ್ಯವಿರುವ ಮೈಸೂರಿನ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದೆವು.

ಅಲ್ಲಿನ ವೈದ್ಯರು ಕಣ್ಣನ್ನು ನೋಡಿದ ಮೇಲೆ ನಾಯಿಯ ಮೇಲ್ದುಟಿಯನ್ನು ಎತ್ತಿ, ಪಾಚಿ ಕಟ್ಟಿದ ದೊಡ್ಡ ಹಲ್ಲೊಂದನ್ನು ತೋರಿಸಿದರು. ಮೇಲ್ದವಡೆಯ ಆ ನಾಲ್ಕನೆಯ ಮುಂದವಡೆ ಹಲ್ಲಿನ ಬೇರುಗಳು ಕಣ್ಣಿನ ಕೆಳಭಾಗದವರೆಗೆ ಹೋಗಿರುವುದರಿಂದ ಬೇರಿನ ಕೀವು ಕೆನ್ನೆಯಲ್ಲಿ ಬಾವಾಗಿ ಕಾಣುತ್ತದೆ ಎಂದೂ, ಹಲ್ಲು ಹಾಗೆಯೇ ಉಳಿದರೆ ಔಷಧದಿಂದ ಸಿಗುವುದು ತಾತ್ಕಾಲಿಕ ಶಮನ ಮಾತ್ರ ಎಂದೂ ಅವರು ವಿವರಿಸಿದರು.

ಈ ವಯಸ್ಸಿನಲ್ಲಿ ಅರಿವಳಿಕೆಯೇ ಎಂಬ ನಮ್ಮ ಅಂಜಿಕೆಯನ್ನು ಅವರು ತಳ್ಳಿಹಾಕಲಿಲ್ಲ. ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ ತಿಳಿಯಲು ರಕ್ತ ಪರೀಕ್ಷೆ ಮಾಡಿಸಿ, ಹೃದಯವನ್ನು ಪರೀಕ್ಷಿಸಿದ ಬಳಿಕವೇ ದಿನ ನಿಗದಿಪಡಿಸಿದರು. ನೋವಿನ ಮಾತ್ರೆಯನ್ನೂ ಮೂತ್ರಪಿಂಡದ ವರದಿ ನೋಡಿಯೇ ಬರೆದುಕೊಟ್ಟರು. ಅರಿವಳಿಕೆಯಲ್ಲಿ ತೆಗೆದ ಎಕ್ಸ್‌-ರೇಯಲ್ಲಿ ಬೇರಿನ ತುದಿಯ ಸುತ್ತ ಮೂಳೆ ಕರಗಿ ಕಪ್ಪಾಗಿದ್ದುದು ನಮ್ಮಂಥವರಿಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಹಲ್ಲಿಗೆ ಮೂರು ಬೇರುಗಳಿರುವ ಕಾರಣ ಅದನ್ನು ಮೂರು ತುಂಡಾಗಿ ಕತ್ತರಿಸಿ ತೆಗೆದು, ವಸಡಿಗೆ ಕರಗುವ ಹೊಲಿಗೆ ಹಾಕಿದರು. ಪಕ್ಕದಲ್ಲಿದ್ದ ಸಣ್ಣ ಗಂಟಿನ ಚೂರನ್ನು ಬಯಾಪ್ಸಿಗೂ ಕಳುಹಿಸಿದರು. ಮುದಿ ನಾಯಿಗಳ ಬಾಯಿಯ ಕ್ಯಾನ್ಸರ್ ಸೋಂಕಿನಂತೆಯೇ ತೋರಬಹುದಾದ್ದರಿಂದ ಇದು ಅಗತ್ಯವಾದ ಎಚ್ಚರಿಕೆ. ನಮ್ಮ ಅದೃಷ್ಟಕ್ಕೆ ಗಂಟು ನಿರಪಾಯಕಾರಿಯಾಗಿತ್ತು.

ಕುಂದುಗಳೂ ಇವೆ. ಮೊದಲು ಹೇಳಿದ ಅಂದಾಜು ವೆಚ್ಚದಲ್ಲಿ ಎಕ್ಸ್‌-ರೇ ಮತ್ತು ಬಯಾಪ್ಸಿಯ ಶುಲ್ಕ ಸೇರಿರಲಿಲ್ಲ. ಲಿಖಿತ ಅಂದಾಜನ್ನು ಕೇಳಿ ಪಡೆಯುವುದು ಲೇಸು. ಕಾಯುವ ಕೋಣೆಯಲ್ಲಿ ಬೆಕ್ಕುಗಳಿಗೂ ನಾಯಿಗಳಿಗೂ ಒಂದೇ ಜಾಗ, ಗದ್ದಲ ಹೇಳತೀರದು. ಮನೆ ಆರೈಕೆಯ ಸೂಚನೆಗಳು ಇಂಗ್ಲಿಷಿನಲ್ಲಷ್ಟೇ ಇದ್ದುದರಿಂದ, ಬಾಯಿಯ ರೋಗಾಣುಗಳನ್ನು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಜೆಲ್ ಹಚ್ಚುವ ಕ್ರಮವನ್ನು ನಮ್ಮ ಅತ್ತೆಯವರಿಗೆ ನಾವೇ ಬಿಡಿಸಿ ಹೇಳಬೇಕಾಯಿತು.

ಅರಿವಳಿಕೆಯಿಲ್ಲದೆ ಹಲ್ಲು ಶುಚಿಗೊಳಿಸುವುದಾಗಿ ಜಾಹೀರಾತು ನೀಡುವ ಅಂಗಡಿಗಳಿಗೆ ಹೋಲಿಸಿದರೆ ಇಲ್ಲಿ ಖರ್ಚು ಬಹಳ ಹೆಚ್ಚು. ಆದರೆ ಅಂಥಲ್ಲಿ ಹೊಳಪು ಬರುವುದು ಹಲ್ಲಿನ ಹೊರಮೈಗೆ ಮಾತ್ರ. ವಸಡಿನ ಕೆಳಗಿನ ಸೋಂಕಿಗೆ ಅದು ತಲುಪುವುದಿಲ್ಲ. ಬಾಯಿ ನಾತ, ಒಂದೇ ಬದಿಯಲ್ಲಿ ಅಗಿಯುವುದು ಅಥವಾ ಒಂದೇ ಹೊಳ್ಳೆಯಿಂದ ಸೋರುವ ಸಿಂಬಳ ಕಂಡರೆ ಈ ಚಿಕಿತ್ಸಾಲಯವನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಹಲ್ಲಿನ ಶಸ್ತ್ರಚಿಕಿತ್ಸೆ ಬೆಳಗಿನ ಹೊತ್ತು ಮಾತ್ರ ನಡೆಯುವುದರಿಂದ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಂಡು, ಹಳೆಯ ರಕ್ತ ಪರೀಕ್ಷೆಯ ವರದಿಗಳಿದ್ದರೆ ಜೊತೆಗೆ ಒಯ್ಯಿರಿ.