ಮಕ್ಕಳ ಮರಗೆಲಸದ ಕಿಟ್: ಗರಗಸಕ್ಕೆ ಪೂರ್ತಿ ಅಂಕ, ಉಳಿಗೆ ಇಲ್ಲ

ಚಿಕ್ಕ ಗರಗಸ, ಸುತ್ತಿಗೆ, ಮೂಲೆಮಟ್ಟ, ಕ್ಲಾಂಪ್, ಉಳಿ, ಸ್ಯಾಂಡ್ ಪೇಪರ್, ಜೊತೆಗೆ ಒಂದಿಷ್ಟು ಪೈನ್ ಹಲಗೆ. ಆಟದ ಸಾಮಾನಲ್ಲ, ನಿಜವಾದ ಉಪಕರಣಗಳು. ಅದೇ ನನಗೆ ಇಷ್ಟವಾಗಿದ್ದು.

ಗರಗಸ ತುಂಬಾ ಚೆನ್ನಾಗಿದೆ, ಹಿಡಿ ಮಗುವಿನ ಕೈಗೆ ಸರಿಯಾಗಿ ಕೂರುತ್ತದೆ. ಉಳಿ ಮಾತ್ರ ಮೊಂಡು. ಮಕ್ಕಳಿಗೆ ಮೊಂಡಾಗಿದ್ದರೆ ಸೇಫ್ ಅಂದುಕೊಂಡಿದ್ದಾರೋ ಏನೋ, ಆದರೆ ಮೊಂಡು ಉಳಿಗೆ ಜಾಸ್ತಿ ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರಿ ಕೈ ಕೊಯ್ಯೋದು. ಸಾಣೆ ಹಿಡಿದು ಕೊಡಿ, ಇಲ್ಲಾಂದ್ರೆ ಎತ್ತಿಡಿ.

ಕಲಿಕೆಯ ವಿಷಯಕ್ಕೆ ಬಂದರೆ ಕೊಟ್ಟ ದುಡ್ಡು ಸಾರ್ಥಕ. ಮಗಳು ಪೆಟ್ಟಿಗೆ ಮಾಡುವಾಗ ಹಲಗೆಯ ದಪ್ಪವನ್ನೇ ಲೆಕ್ಕಕ್ಕೆ ತಗೊಂಡಿರಲಿಲ್ಲ, ತಳ ಒಳಗೆ ಕೂರಲೇ ಇಲ್ಲ. ಯಾರೂ ಕೆಂಪು ಗೀಟು ಹಾಕಬೇಕಾಗಲಿಲ್ಲ. ಸುಮ್ನೆ ನೋಡಿದಳು, ಮತ್ತೆ ಅಳತೆ ಹಾಕಿದಳು, ಕೊಯ್ದಳು. ಮರದ ಎಳೆಗೆ ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ ಅನ್ನೋದನ್ನೂ ತಾನೇ ಕಂಡುಕೊಂಡಳು.

ಹೀಗೆ ಕೈಕೆಲಸದಿಂದ ಕಲಿಸೋದೇನು ಹೊಸ ಐಡಿಯಾ ಅಲ್ಲ. ಸ್ವೀಡನ್ನಿನ ಓಟೋ ಸಾಲೊಮನ್ 19ನೇ ಶತಮಾನದಲ್ಲೇ ನೆಸ್ ಎಂಬಲ್ಲಿ ಇದಕ್ಕಾಗಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದರು. 'ಸ್ಲಾಯ್ಡ್' ಎಂಬ ಆ ಕೈಕೆಲಸದ ಪಾಠ ಅಲ್ಲಿನ ಶಾಲೆಗಳಲ್ಲಿ ಇವತ್ತಿಗೂ ಕಡ್ಡಾಯ. ಒಳ್ಳೆ ಬಡಗಿ ಆಗಲಿ ಅಂತಲ್ಲ, ಮಗುವಿನ ಗಮನ, ತಾಳ್ಮೆ ಬೆಳೆಯಲಿ ಅಂತ.

ಜೊತೆಗೆ ಬರುವ ಪುಸ್ತಕ ದಂಡ. ಚಿತ್ರ ಜಾಸ್ತಿ, ಅಳತೆ ಕಮ್ಮಿ. ಕ್ಲಾಂಪ್ ಒಂದೇ ಇದೆ, ಅಂಟು ಹಾಕುವಾಗ ಸಾಲಲ್ಲ, ಇನ್ನೊಂದು ತಗೊಂಡಿಡಿ. ಐದಕ್ಕೆ ನಾಲ್ಕು ಸ್ಟಾರ್.