ಬೋರ್ಡ್, ಸ್ಟಿಕ್ಕರ್ ಮಾಡಿಸುವವರೇ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಅಂಕೋಲಾ, ಕಾರವಾರ, ಕುಮಟಾ ಕಡೆ ಅಂಗಡಿಗೋ ಹೋಟೆಲಿಗೋ ಗಾಡಿಗೋ ಬೋರ್ಡ್, ಸ್ಟಿಕ್ಕರ್ ಮಾಡಿಸಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. 19,500 ರೂಪಾಯಿ ಕೊಟ್ಟು ನಾವು ಊರವರ ಮುಂದೆ ತಲೆ ತಗ್ಗಿಸಿದ್ದೇವೆ. ದೂರು ಕೊಟ್ಟಿರುವುದರಿಂದ ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ ರೀತಿಯನ್ನು ಮಾತ್ರ ಪೂರ್ತಿ ಹೇಳುತ್ತೇನೆ. ಇದೇ ರೀತಿ ಇನ್ನೂ ಎಷ್ಟು ಜನರಿಗೆ ಮಾಡಿದ್ದಾರೋ.

ನಮ್ಮದು ಹೆದ್ದಾರಿ 66ರ ಬದಿಯ ಚಿಕ್ಕ ಮೀನೂಟದ ಹೋಟೆಲ್. ಹೆಸರಿನಲ್ಲಿ 'ಅಜ್ಜಿ' ಅಂತ ಇದೆ. ಗಂಡನ ಅಜ್ಜಿಯ ಕೈರುಚಿಯ ನೆನಪಿಗೆ ಇಟ್ಟದ್ದು. ಯುಗಾದಿಗೆ ಶುರು ಮಾಡುವುದೆಂದು ನಿಶ್ಚಯವಾಗಿತ್ತು. 12 ಅಡಿ ಉದ್ದ, 3 ಅಡಿ ಎತ್ತರದ ಎಸಿಪಿ (ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ) ಶೀಟಿನ ಬೋರ್ಡ್, ಮುಂದಿನ ಗಾಜಿನ ಬಾಗಿಲಿಗೆ ಸ್ಟಿಕ್ಕರ್, ಪಾರ್ಸೆಲ್ ಒಯ್ಯುವ ಒಮ್ನಿಯ ಎರಡೂ ಬದಿಗೆ ಸ್ಟಿಕ್ಕರ್. ಇಷ್ಟೇ ಕೆಲಸ. ಫ್ಲೆಕ್ಸ್ ಬೇಡವೆಂದು ಮೊದಲೇ ಹೇಳಿದ್ದೆವು. ಅದು ನಮ್ಮ ಮಳೆಗಾಳಿಗೆ ನಿಲ್ಲುವುದಿಲ್ಲ, ಮೇಲಾಗಿ 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವೂ ಇದೆ.

ಚಿತ್ರ ಬರೆದುಕೊಟ್ಟವಳು ನನ್ನ ಅಕ್ಕನ ಮಗಳು. ಧಾರವಾಡದಲ್ಲಿ ಡಿಸೈನ್ ಕಲಿಯುತ್ತಿದ್ದಾಳೆ. ಬಾಳೆಎಲೆ ಮೇಲೆ ಕೆಂಪು ಮಸಾಲೆ ಸವರಿದ ಬಂಗಡೆ, ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಹೆಸರು, ಕೆಳಗೆ ಸಣ್ಣದಾಗಿ ಇಂಗ್ಲಿಷ್. 2024ರ ಕಾನೂನು ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ, ಅಲ್ವಾ. ಅದನ್ನೂ ಅಳೆದೇ ಮಾಡಿದ್ದಳು. ಫೈಲು ವೆಕ್ಟರ್ ಪಿಡಿಎಫ್, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಬಣ್ಣ ಸಿಎಂವೈಕೆಯಲ್ಲಿ, ಅಂದರೆ ಪ್ರಿಂಟಿಂಗಿನ ನಾಲ್ಕು ಇಂಕಿನ ಲೆಕ್ಕದಲ್ಲಿ, ಯಾಕೆಂದರೆ ಮೊಬೈಲಿನಲ್ಲಿ ಹೊಳೆಯುವ ಬಣ್ಣವೆಲ್ಲ ಇಂಕಿನಲ್ಲಿ ಬರುವುದಿಲ್ಲ. ಕತ್ತರಿಸುವಾಗ ಬೇಕಾಗುವ ಹೆಚ್ಚುವರಿ ಅಂಚೂ ಬಿಟ್ಟಿದ್ದಳು.

ಮುಖ್ಯವಾಗಿ, ಅಕ್ಷರಗಳನ್ನೆಲ್ಲ ಕರ್ವ್ ಮಾಡಿ ಕೊಟ್ಟಿದ್ದಳು. ಆಗ ಅಕ್ಷರಗಳು ಚಿತ್ರದ ಗೆರೆಗಳಾಗಿಬಿಡುತ್ತವೆ. ಪ್ರಿಂಟ್ ಮಾಡುವವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೂ ಏನೂ ಕೆಡುವುದಿಲ್ಲ. ಕನ್ನಡದ ಬೋರ್ಡಿಗೆ ಇದು ಎಲ್ಲಕ್ಕಿಂತ ಮುಖ್ಯ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಈಗ ಮೊಬೈಲಿನಲ್ಲೆಲ್ಲ ಬಳಸುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಹಳೆ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಪ್ರಿಂಟಿಂಗ್ ಮಾಡುವವರಿಗೆ ಇದು ಗೊತ್ತಿಲ್ಲದ ವಿಷಯವಾ? ದಿನಾ ಮಾಡುವ ಕೆಲಸ.

ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟೆವು. ಅಂಗಡಿಯವನು "ವಾಟ್ಸಾಪಿಗೂ ಒಂದು ಹಾಕಿಬಿಡಿ ಅಕ್ಕಾ" ಅಂದ. ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿದೆ. ಹೇಗೆ ಕಾಣುತ್ತದೆ ಎಂದು ತೋರಿಸಲು ಜೊತೆಗೊಂದು ಫೋಟೋ ಕಳಿಸಿ, "ಇದು ನೋಡೋಕೆ ಮಾತ್ರ, ಪ್ರಿಂಟಿಗೆ ಪಿಡಿಎಫ್" ಅಂತ ಬರೆದೆ. ಆ ಮೆಸೇಜು ಇನ್ನೂ ಇದೆ.

ಮಾಲಿನ ಬಗ್ಗೆಯೂ ಕೂತು ಮಾತಾಡಿದ್ದೆವು. ಅಗ್ಗದ ವಿನೈಲ್ (ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ) ಬಿಸಿಲಿಗೆ ಕುಗ್ಗುತ್ತದೆ, ಎರಡು ಮೂರು ವರ್ಷಕ್ಕಿಂತ ಹೆಚ್ಚು ಬರುವುದಿಲ್ಲ. ಕಾಸ್ಟ್ (cast) ವಿನೈಲ್ ಎಂಬ ಮೇಲುದರ್ಜೆಯದು ತೆಳು, ಗಾಡಿಯ ತಗ್ಗು ಉಬ್ಬಿಗೆ ಚೆನ್ನಾಗಿ ಕೂರುತ್ತದೆ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಪ್ರಿಂಟ್ ಮೇಲೆ ಲ್ಯಾಮಿನೇಷನ್ ಹಾಕದಿದ್ದರೆ ಬಿಸಿಲಿಗೆ ಬಣ್ಣ ಬೇಗ ಹೋಗುತ್ತದೆ. ಇದೆಲ್ಲ ಅವನೇ ನಮಗೆ ಹೇಳಿದ್ದು! "ಅಕ್ಕಾ, ಸಮುದ್ರದ ಬದಿ, ಉಪ್ಪು ಗಾಳಿ, ನೀವು ಒಳ್ಳೇದೇ ಹಾಕ್ಸಿ" ಅಂತ ಅವನೇ ಹೇಳಿ, ಎಸ್ಟಿಮೇಟ್ ಚೀಟಿಯಲ್ಲಿ ತನ್ನ ಕೈಯಾರೆ ಬರೆದ: ಎಸಿಪಿ, ಕಾಸ್ಟ್ ವಿನೈಲ್, ಲ್ಯಾಮಿನೇಷನ್, 5 ವರ್ಷ. ಆ ಚೀಟಿಯೂ ನನ್ನ ಹತ್ತಿರ ಇದೆ.

ಅರ್ಧ ದುಡ್ಡು ಮೊದಲೇ ಹೋಯಿತು. ಬೋರ್ಡ್ ಬಂದದ್ದು ಹಬ್ಬದ ಹಿಂದಿನ ರಾತ್ರಿ. ಟೆಂಪೋದಿಂದ ಇಳಿಸುವ ಮೊದಲು "ಬಾಕಿ ಹಾಕಿಬಿಡಿ, ಹುಡುಗರು ದೂರದಿಂದ ಬಂದಿದ್ದಾರೆ" ಅಂದ. ಬೆಳಿಗ್ಗೆ ಪೂಜೆ, ಭಟ್ಟರು ಬರುತ್ತಾರೆ, ನೆಂಟರು ಬರುತ್ತಾರೆ. ಹಾಕಿದೆವು. ಪ್ಲಾಸ್ಟಿಕ್ ಸುತ್ತಿದ್ದ ಬೋರ್ಡನ್ನು ಕತ್ತಲಲ್ಲೇ ಏರಿಸಿ, ಕೊನೆಗೆ ಪ್ಲಾಸ್ಟಿಕ್ ಹರಿದುಕೊಂಡು ಹೋದರು.

ಬೆಳಿಗ್ಗೆ ಮೊದಲು ನೋಡಿದವರು ನನ್ನ ಮಾವ. ರಸ್ತೆಯ ಆಚೆ ನಿಂತು ಸುಮ್ಮನೆ ನೋಡುತ್ತಿದ್ದರು. ಏನಾಯಿತೆಂದು ಹೋದೆ. ಬೋರ್ಡಿನ ಮೇಲೆ, ಎರಡಡಿ ಎತ್ತರದ ಅಕ್ಷರದಲ್ಲಿ, 'ಅಜ್‌ಜಿ' ಅಂತ ಇತ್ತು. ಒತ್ತು ಇಲ್ಲ. ಜಕಾರದ ಪಕ್ಕ ಜಕಾರ. ಬಂಗಡೆಯ ಅಂಚೆಲ್ಲ ಚೌಕ ಚೌಕವಾಗಿ ಒಡೆದಿತ್ತು. ನನ್ನ ಕೈಕಾಲು ತಣ್ಣಗಾಯಿತು. ಅಷ್ಟರಲ್ಲಿ ನೆಂಟರು ಬರಲು ಶುರುವಾಗಿತ್ತು. ಪಕ್ಕದ ಅಂಗಡಿಯವರು ಫೋಟೋ ತೆಗೆದರು. ರಸ್ತೆಯಲ್ಲಿ ಹೋಗುವ ಮಕ್ಕಳು ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದರು. ನನ್ನ ಅತ್ತೆ, ಅವರ ಅತ್ತೆಯ ನೆನಪಿನ ಹೆಸರದು, ಒಳಗೆ ಹೋಗಿ ಕೂತರು. ಹಬ್ಬದ ದಿನ.

ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ಓದೋಕೆ ಬರುತ್ತಲ್ಲ ಅಕ್ಕಾ. ಜನ ಅರ್ಥ ಮಾಡ್ಕೊಳ್ತಾರೆ."

ಜನ ಅರ್ಥ ಮಾಡ್ಕೊಳ್ತಾರೆ! ನಾವು ದುಡ್ಡು ಕೊಟ್ಟದ್ದು ಜನ ಊಹಿಸಿ ಓದಲಿ ಅಂತಲಾ?

ಅಂಗಡಿಗೇ ಹೋಗಿ ಕಂಪ್ಯೂಟರ್ ತೋರಿಸು ಅಂದೆವು. ನಮ್ಮ ಪಿಡಿಎಫ್ ತೆರೆದೇ ಇರಲಿಲ್ಲ. ವಾಟ್ಸಾಪಿನ ಫೋಟೋವನ್ನೇ ಹಿಗ್ಗಿಸಿ, ಹೆಸರನ್ನು ಅಲ್ಲೇ ಮತ್ತೆ ಟೈಪ್ ಮಾಡಿದ್ದರು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದೆ, ಅದನ್ನು ಹನ್ನೆರಡು ಅಡಿಗೆ ಎಳೆದರೆ ಮೀನು ಮೀನಾಗಿ ಉಳಿಯುತ್ತದಾ? ಯಾಕೆ ಹೀಗೆ ಮಾಡಿದೆ ಅಂದರೆ "ಪಿಡಿಎಫ್ ಓಪನ್ ಮಾಡೋಕೆ ಟೈಮ್ ಇರ್ಲಿಲ್ಲ, ನಿಮ್ದೇ ಅರ್ಜೆಂಟ್ ಇತ್ತಲ್ಲ" ಅಂದ. ಪ್ರಿಂಟಿಗೆ ಮೊದಲು ನೋಡಿ ಒಪ್ಪಲು ಪ್ರೂಫ್ ಯಾಕೆ ಕಳಿಸಲಿಲ್ಲ ಅಂದೆ. "ನೀವೇ ಫೋಟೋ ಕಳಿಸಿದ್ರಲ್ಲ, ಅದೇ ಪ್ರೂಫ್." ನಾನು ಕಳಿಸಿದ ಫೋಟೋವನ್ನೇ ನನಗೆ ಪ್ರೂಫ್ ಅಂತ ತೋರಿಸುತ್ತಿದ್ದಾನೆ!

ತುಂಬಾ ಜಗಳವಾದ ಮೇಲೆ ಆ ಅಕ್ಷರದ ಮೇಲೆ ಇನ್ನೊಂದು ಸ್ಟಿಕ್ಕರ್ ತುಂಡು ಅಂಟಿಸಿ ಹೋದ. ಅದರ ಕೆಂಪೇ ಬೇರೆ. ದೂರದಿಂದಲೂ ತೇಪೆ ಕಾಣುತ್ತಿತ್ತು.

ಬಾಗಿಲಿನ ಗಾಜಿನದೂ ಹಾಳು. ಪಾರದರ್ಶಕ ಸ್ಟಿಕ್ಕರಿಗೆ ಬಣ್ಣದ ಅಡಿ ಬಿಳಿ ಇಂಕ್ ಬೇಕು, ಇಲ್ಲದಿದ್ದರೆ ಗಾಜಿನ ಮೇಲೆ ಬಣ್ಣ ಕಾಣುವುದೇ ಇಲ್ಲ. ಮಾಮೂಲಿ ನಾಲ್ಕು ಬಣ್ಣದ ಮಷಿನ್‌ನಲ್ಲಿ ಬಿಳಿ ಇಂಕ್ ಇರುವುದಿಲ್ಲ. ತನ್ನ ಮಷಿನ್‌ನಲ್ಲಿ ಬಿಳಿ ಇಲ್ಲವೆಂದು ಒಂದು ಮಾತು ಹೇಳಿದ್ದರೆ ಬಣ್ಣದ ವಿನೈಲ್ ಕತ್ತರಿಸಿ ಮಾಡಿಸುತ್ತಿದ್ದೆವು, ಎಲ್ಲರೂ ರೇಡಿಯಂ ಸ್ಟಿಕ್ಕರ್ ಅನ್ನುತ್ತಾರಲ್ಲ, ಅದು. ಹೇಳಲಿಲ್ಲ. ಒಮ್ನಿಯನ್ನು ಸರಿಯಾಗಿ ತೊಳೆಯದೆ, ಉಪ್ಪು ಧೂಳಿನ ಮೇಲೆಯೇ ಅಂಟಿಸಿದರು. ವಾರದೊಳಗೆ ಗುಳ್ಳೆ.

ಇಷ್ಟಕ್ಕೇ ಮುಗಿದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆವೇನೋ. ಇಲ್ಲಿ ಒಂದು ಮಳೆಗಾಲಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ. ಮಳೆ ಮುಗಿಯುವ ಹೊತ್ತಿಗೆ ಬೋರ್ಡಿನ ಅಂಚುಗಳು ಎದ್ದವು. ಸ್ಟಿಕ್ಕರ್ ಕುಗ್ಗಿ ಸುತ್ತಲೂ ಅಂಟಿನ ಗೆರೆ ಹೊರಬಂತು, ಅದಕ್ಕೆ ಕಪ್ಪು ಧೂಳು ಹಿಡಿಯಿತು. ಒಮ್ನಿಯ ಬಾಗಿಲಿನ ತಗ್ಗಿನಿಂದ ಸ್ಟಿಕ್ಕರ್ ಹಿಂದಕ್ಕೆ ಎಳೆದುಕೊಂಡಿತು. ಬಿಸಿಲಿಗೆ ಇಂಕಿನ ಹಳದಿ ಮತ್ತು ಕೆಂಪು ಮೊದಲು ಹೋಗುತ್ತವೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ನಮ್ಮ ಮಸಾಲೆ ಬಂಗಡೆ ನೀಲಿಗಟ್ಟಿತು. ಊಟಕ್ಕೆ ಬಂದವರೊಬ್ಬರು "ಮೀನು ಹಳೇದಾ" ಅಂತ ಕೇಳಿಬಿಟ್ಟರು. ಬೆಳಿಗ್ಗೆ ಬಂದರಿಗೆ ಹೋಗಿ ಆರಿಸಿ ತರುವ ಮೀನು ನಮ್ಮದು. ಆ ಮಾತು ಇನ್ನೂ ಕಿವಿಯಲ್ಲಿದೆ.

ಆಗ ಕುಮಟಾದಲ್ಲಿ ಬೋರ್ಡ್ ಕೆಲಸ ಮಾಡುವ ಹುಡುಗನೊಬ್ಬ ಊಟಕ್ಕೆ ಬಂದಿದ್ದ. ಉಗುರಿನಿಂದ ಮೂಲೆ ಕೆರೆದು ನೋಡಿ "ಅಕ್ಕಾ, ಇದಕ್ಕೆ ಲ್ಯಾಮಿನೇಷನ್ನೇ ಇಲ್ಲ" ಅಂದ. ಸ್ಟಿಕ್ಕರಿನ ಹಿಂದಿನ ಕಾಗದ ಏನಾದರೂ ಉಳಿದಿದೆಯಾ ಅಂತ ಕೇಳಿದ. ಉಳಿದಿತ್ತು. ಒಮ್ನಿಗೆ ಅಂಟಿಸುವಾಗ ಸುಲಿದು ಬಿಸಾಡಿದ್ದ ನುಣುಪು ಕಾಗದವನ್ನು ಅತ್ತೆ ಎತ್ತಿಟ್ಟು ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಿದ್ದರು. ಡಬ್ಬ ಸರಿಸಿ ತೆಗೆದು ತೋರಿಸಿದೆ. ಒಳ್ಳೆ ಕಂಪನಿಯ ಮಾಲಾದರೆ ಆ ಕಾಗದದ ಮೇಲೆ ಸಾಮಾನ್ಯವಾಗಿ ಹೆಸರು ಅಚ್ಚಾಗಿರುತ್ತದೆ. ನಮ್ಮದರಲ್ಲಿ ಏನೂ ಇಲ್ಲ, ಖಾಲಿ ಬಿಳಿ. "ಇದು ಅಗ್ಗದ್ದು ಅಕ್ಕಾ. ಎಲೆಕ್ಷನ್ ಟೈಮಲ್ಲಿ ನಾಲ್ಕು ದಿನಕ್ಕೆ ಹಚ್ತಾರಲ್ಲ, ಅದು" ಅಂದ. ಅಲ್ಲೇ ಅಡುಗೆಮನೆಯಲ್ಲಿ ನನಗೆ ಅಳು ಬಂತು. ಉಪ್ಪು ಗಾಳಿ ಅಂತ ಹೆದರಿಸಿ ಒಳ್ಳೇದರ ದುಡ್ಡು ತೆಗೆದುಕೊಂಡು, ಕೊಟ್ಟದ್ದು ಇದು. ಒತ್ತಕ್ಷರ ಹೋದದ್ದು ಅಜಾಗ್ರತೆ ಅಂದುಕೊಳ್ಳಬಹುದು. ಇದು ಮೋಸ. ಗೊತ್ತಿದ್ದೂ ಮಾಡಿದ ಮೋಸ.

ಮತ್ತೆ ಹೋದೆವು. ಈ ಸಲ 'ಅಕ್ಕಾ' ಇಲ್ಲ, 'ಮೇಡಂ'.

"ಉಪ್ಪು ಗಾಳಿ ಮೇಡಂ, ಇಲ್ಲಿ ಯಾವ್ದೂ ತಾಳಲ್ಲ." ಹಾಗಾದರೆ 5 ವರ್ಷ ಅಂತ ಯಾಕೆ ಬರೆದೆ? "ಅದು ಎಸ್ಟಿಮೇಟು, ಬಿಲ್ ಅಲ್ಲ." ಹಾಗಾದರೆ ಬಿಲ್ ಕೊಡು. "ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಕೊಡಿ." ಕಾಸ್ಟ್ ವಿನೈಲ್ ಎಲ್ಲಿ? "ಪ್ರಿಂಟ್ ಹುಬ್ಬಳ್ಳಿಲಿ ಆಗೋದು, ಅವ್ರು ಯಾವ ರೋಲ್ ಹಾಕಿದ್ರೋ ನಂಗೇನ್ ಗೊತ್ತು." ದುಡ್ಡು ಅವನ ಖಾತೆಗೆ, ಮಾಲಿನ ಜವಾಬ್ದಾರಿ ಹುಬ್ಬಳ್ಳಿಗೆ! ನನ್ನ ಗಂಡ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಅಂದಾಗ "ನೀವು ಬಿಸಿನೆಸ್ಸಿಗೆ ಮಾಡ್ಸಿದ್ದು, ಗ್ರಾಹಕರ ಕೋರ್ಟಲ್ಲಿ ನಡಿಯಲ್ಲ" ಅಂತ ಕಾನೂನು ಹೇಳಿದ. ಅದೂ ಪೂರ್ತಿ ಸತ್ಯವಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವವರು ತಮ್ಮ ಉದ್ಯೋಗಕ್ಕೆಂದೇ ಕೊಂಡದ್ದಾದರೆ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಅವರೂ ಗ್ರಾಹಕರೇ. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ.

ನೀವು ಮಾಡಿಸುವಾಗ ಇಷ್ಟನ್ನಾದರೂ ಹಟ ಹಿಡಿದು ಮಾಡಿ. ಅಂಟಿಸುವ ಮಾಲಿನ ತುಂಡನ್ನು ಹಿಂದಿನ ಕಾಗದ ಸಮೇತ ಮೊದಲೇ ಇಸಿದುಕೊಳ್ಳಿ, ಅದರ ಮೇಲೆ ಅವರ ಸಹಿ ಹಾಕಿಸಿ. ಪ್ರಿಂಟಿಗೆ ಹೋಗುವ ಫೈಲನ್ನು ಅವರ ಕಂಪ್ಯೂಟರಿನಲ್ಲೇ ತೆರೆಸಿ, ಒಂದೊಂದು ಒತ್ತಕ್ಷರವನ್ನೂ ಓದಿ. ಮೀನಿನ ಫೋಟೋ ಏನಾದರೂ ಸೇರಿಸುವುದಿದ್ದರೆ ಬೋರ್ಡಿನ ಪೂರ್ತಿ ಅಳತೆಗೆ 100 ಡಿಪಿಐ (ಇಂಚಿಗೆ 100 ಚುಕ್ಕಿ) ಇರಲಿ, ಕೈಯಲ್ಲಿ ಹಿಡಿದು ನೋಡುವ ಸ್ಟಿಕ್ಕರಿಗೆ 300. ರಾತ್ರಿ ಹೊತ್ತು ಬೋರ್ಡ್ ಹಾಕಲು ಬಂದರೆ ವಾಪಸ್ ಕಳಿಸಿ. ಹಗಲಲ್ಲಿ, ಪ್ಲಾಸ್ಟಿಕ್ ತೆಗೆದು, ನೀವೇ ಓದಿ, ಆಮೇಲೆ ಬಾಕಿ ದುಡ್ಡು. ಎಷ್ಟೇ ಅಕ್ಕಾ ಅಂದರೂ ಸರಿ.

ಈಗ ಆ ಬೋರ್ಡ್ ಇಳಿಸಿದ್ದೇವೆ. ತಗಡಿನ ಮೇಲೆ ಪೇಂಟರ್ ಒಬ್ಬರು ಕೈಯಿಂದ ಬರೆದುಕೊಟ್ಟಿದ್ದಾರೆ, ಒತ್ತಕ್ಷರ ಸರಿಯಾಗಿದೆ. 1915 ಗ್ರಾಹಕರ ಸಹಾಯವಾಣಿಗೆ ದೂರು ಬರೆಸಿದ್ದೇವೆ. ಅಲ್ಲಿ ಆಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎಸ್ಟಿಮೇಟ್ ಚೀಟಿ, ಯುಪಿಐ ರಸೀದಿ, ವಾಟ್ಸಾಪ್ ಮೆಸೇಜು, ಆ ಬಿಳಿ ಕಾಗದ ಎಲ್ಲ ತೆಗೆದುಕೊಂಡು ಹೋಗುತ್ತೇವೆ. ಹುಬ್ಬಳ್ಳಿಯಲ್ಲಿ ಪ್ರಿಂಟ್ ಆಗೋದು ಎಂಬ ಇದೇ ಉತ್ತರ ನಿಮಗೂ ಸಿಕ್ಕಿದ್ದರೆ ಬೋರ್ಡನ್ನು ಗುಜರಿಗೆ ಹಾಕಬೇಡಿ, ಚೀಟಿ ಹರಿಯಬೇಡಿ. ನಮ್ಮ ಜೊತೆ ಬನ್ನಿ.