ಸೈಕ್ಲೋಪಾಮ್, ಮೆಫ್ಟಾಲ್ ಸ್ಪಾಸ್, ಡ್ರೋಟಿನ್: ಹೊಟ್ಟೆ ನುಲಿತಕ್ಕೆ ಯಾವುದು?

ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿದ್ದರೆ, ಮಲದಲ್ಲಿ ರಕ್ತ ಕಂಡಿದ್ದರೆ ಆಯ್ಕೆಯ ಮಾತೇ ಇಲ್ಲ, ಆಸ್ಪತ್ರೆಗೆ ಹೊರಡಿ.

ಸೈಕ್ಲೋಪಾಮ್, ಮೆಫ್ಟಾಲ್ ಸ್ಪಾಸ್ ಎರಡರಲ್ಲೂ ಸೆಳೆತ ಬಿಡಿಸುವುದು ಡೈಸೈಕ್ಲೋಮಿನ್. ಜೊತೆಗಾರ ಮಾತ್ರ ಬೇರೆ. ಸೈಕ್ಲೋಪಾಮ್‌ನಲ್ಲಿರುವುದು ಪ್ಯಾರಸಿಟಮಾಲ್, ಆಗಲೇ ಜ್ವರಕ್ಕೆ ಡೋಲೋ ನುಂಗಿದ್ದರೆ ಅದೇ ಔಷಧ ಎರಡು ಸಲ ಹೊಟ್ಟೆಗೆ ಹೋದಂತೆ. ಮಾತ್ರೆಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಮೆಫ್ಟಾಲ್ ಸ್ಪಾಸ್‌ನಲ್ಲಿ 250 ಮಿಲಿಗ್ರಾಂ ಮೆಫೆನಮಿಕ್ ಆಮ್ಲವೆಂಬ ನೋವು ನಿವಾರಕವಿದೆ. ಮುಟ್ಟಿನ ನೋವಿಗೆ ಒಳ್ಳೆಯದು, ಜಠರದ ಹುಣ್ಣಿದ್ದವರಿಗೆ ಸಲ್ಲದು.

ಡೈಸೈಕ್ಲೋಮಿನ್ ಬಾಯಿ ಒಣಗಿಸುತ್ತದೆ, ಕಣ್ಣು ಮಂಜಾಗಿಸುತ್ತದೆ. ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ರೋಗ) ಇದ್ದವರಿಗೆ, ಮೂತ್ರ ಕಟ್ಟುವವರಿಗೆ, 6 ತಿಂಗಳೊಳಗಿನ ಕೂಸಿಗೆ ಬೇಡವೇ ಬೇಡ. ಡ್ರೋಟಿನ್‌ನಲ್ಲಿ ಸೆಳೆತ ಬಿಡಿಸುವ ಡ್ರೊಟಾವೆರಿನ್‌ಗೆ ಈ ಕಾಟ ಕಡಿಮೆ. ಮನೆಯ ಅಜ್ಜನಿಗಾದರೆ ವೈದ್ಯರ ಬಳಿ ನಾನು ಇದನ್ನೇ ಕೇಳುತ್ತೇನೆ, ಹೃದಯ, ಯಕೃತ್ತು, ಮೂತ್ರಪಿಂಡ ಚೆನ್ನಾಗಿದ್ದರೆ.